ಬೀಗದ ಒಳಗೆ ಅವ್ವ

ಎರಡು ವರ್ಷದ ಹಿಂದಿನ ಬೇಸಿಗೆ, ಶಾಲೆಗಳಿಗೆ ಇನ್ನೂ ರಜೆ ಬಿದ್ದಿರಲಿಲ್ಲ. ರಾಯಚೂರಿನಲ್ಲಿ ಶಿಕ್ಷಕ ದಂಪತಿಯ ಮನೆಗೆ ನಾನು ಕೆಲಸಕ್ಕೆ ಹೋಗುತ್ತಿದ್ದೆ. ಸೊಂಟದ ಮೂಳೆ ಮುರಿದು ಮಲಗಿದ್ದ ಯಜಮಾನರ ತಾಯಿ, ಅಮ್ಮನವರನ್ನು ನೋಡಿಕೊಳ್ಳುವುದು ನನ್ನ ಕೆಲಸ. ನನ್ನ ಸ್ವಂತ ಅವ್ವನನ್ನು ಮಾತ್ರ ಮನೆಯೊಳಗೆ ಬಿಟ್ಟು ಹೊರಗಿನಿಂದ ಬೀಗ ಹಾಕಿ ಬರುತ್ತಿದ್ದೆ. ಅದನ್ನು ಅಲ್ಲಿ ಯಾರಿಗೂ ಹೇಳಿರಲಿಲ್ಲ.

ಅವ್ವನಿಗೆ ಮರೆವಿನ ಕಾಯಿಲೆ. ಮೊದಲು ದೇವದುರ್ಗದಲ್ಲಿ ಅಣ್ಣನ ಹತ್ತಿರ ಇದ್ದಳು. ಅಣ್ಣ, ಅತ್ತಿಗೆ ಇಬ್ಬರೂ ಕೂಲಿಗೆ ಹೋದಾಗ ಯಾವುದೋ ಬಸ್ ಹತ್ತಿದವಳು ಎರಡು ದಿನದ ಮೇಲೆ ಮಾನ್ವಿ ಬಸ್ ನಿಲ್ದಾಣದಲ್ಲಿ ಸಿಕ್ಕಳು. ಆಮೇಲೆ ನಾನು ಕರೆತಂದೆ. ನನ್ನ ಗಂಡ ಶಕ್ತಿನಗರದಲ್ಲಿ ಗುತ್ತಿಗೆ ಕೆಲಸದವರು. ಅವರೊಬ್ಬರ ದುಡಿಮೆ ಮನೆಗೂ ಅವ್ವನ ಔಷಧಿಗೂ ಸಾಲುತ್ತಿರಲಿಲ್ಲ. ಹಗಲು ಅವ್ವನ ಹತ್ತಿರ ಇರಲು ಒಬ್ಬಾಕೆಯನ್ನು ಕೇಳಿದರೆ ಆಕೆ ಹೇಳಿದ ಸಂಬಳ ನನ್ನ ಸಂಬಳಕ್ಕಿಂತ ಹೆಚ್ಚಿತ್ತು. ಬೀಗವೇ ಗತಿಯಾಯಿತು.

ಆ ದಿನ ಮಧ್ಯಾಹ್ನ ಅಮ್ಮನವರಿಗೆ ಗಂಜಿ ಕುಡಿಸುತ್ತಿದ್ದೆ. ಪಕ್ಕದ ಮನೆಯ ಖಾಜಾಬಿಯ ಫೋನ್ ಬಂತು.

"ಸಾವಿತ್ರಿ, ನಿಮ್ಮ ಕಿಟಕ್ಯಾಗಿಂದ ಹೊಗಿ ಬರಾಕತ್ತದ. ಎಷ್ಟು ಕೂಗಿದ್ರೂ ನಿಮ್ಮವ್ವ ಮಾತಾಡವಲ್ಲಳು."

"ಬೀಗ ಒಡೀ ಖಾಜಾಬಿ" ಎಂದೆ. ಫೋನ್ ಕಟ್ಟಾಯಿತು. ಮತ್ತೆ ಮಾಡಿದರೆ ಎತ್ತಲಿಲ್ಲ.

ಹೊರಡಲು ಎದ್ದೆ. ಆದರೆ ಎದ್ದು ಕೂರಲಾಗದ ಅಮ್ಮನವರನ್ನು ಒಬ್ಬರನ್ನೇ ಬಿಟ್ಟು ಹೋಗುವುದು ಹೇಗೆ? ಅವರ ಸೊಸೆಗೆ ಮೂರು ಸಲ ಫೋನ್ ಮಾಡಿದೆ. ತರಗತಿಯಲ್ಲಿದ್ದರೇನೋ, ಎತ್ತಲಿಲ್ಲ.

"ಯಾರ ಮನಿಗೆ ಬೆಂಕಿ ಹತ್ಯದ?" ಫೋನಿನ ಮಾತು ಕೇಳಿಸಿಕೊಂಡಿದ್ದ ಅಮ್ಮನವರು ಕೇಳಿದರು.

"ನಮ್ಮದ್ರಿ. ಒಳಗ ನಮ್ಮವ್ವ ಅದಾಳ. ನಾನ ಬೀಗ ಹಾಕೀನ್ರಿ."

ಅವರು ನನ್ನ ಮುಖವನ್ನೇ ನೋಡಿದರು. "ನೀರಿನ ಚೊಂಬು ನನ್ನ ಕೈಗೆ ಸಿಗೂ ಹಂಗ ಇಟ್ಟು ಹೋಗು" ಎಂದರು.

ಆಟೊ ಹತ್ತಿದೆ. ದಾರಿಯಲ್ಲಿ ಭತ್ತದ ಲಾರಿಯೊಂದು ಅಡ್ಡ ನಿಂತಿತ್ತು. ಇಳಿದು ಓಡಿದೆ. ಓಡುವಾಗ ಒಂದು ಯೋಚನೆ ಬಂತು: ಎಲ್ಲ ಮುಗಿದೇ ಹೋಗಿದ್ದರೆ, ನಾಳೆಯಿಂದ ಬೀಗ ಹಾಕುವ ಕೆಲಸ ಇರುವುದಿಲ್ಲ. ಬೆಂಕಿಗಿಂತ ಆ ಯೋಚನೆಗೇ ನಾನು ಹೆಚ್ಚು ಹೆದರಿದೆ.

ಮನೆ ಮುಂದೆ ಜನ ಸೇರಿದ್ದರು. ಖಾಜಾಬಿ ಕಲ್ಲಿನಿಂದ ಜಜ್ಜಿ ಬೀಗ ಒಡೆದಿದ್ದಳು. ಅವಳ ಬೆರಳಿನಿಂದ ರಕ್ತ ಸೋರುತ್ತಿತ್ತು. ಜನ ನೀರು ಸುರಿದು ಬೆಂಕಿ ಆರಿಸಿದ್ದರು. ಗ್ಯಾಸ್ ನಾನು ಬಂದ್ ಮಾಡಿಯೇ ಹೋಗಿದ್ದೆ. ಅವ್ವ ಹಳೆಯ ಸೀರೆಗಳನ್ನು ಗುಡ್ಡೆ ಹಾಕಿ, ದೇವರ ಮುಂದಿನ ಕಡ್ಡಿಪೆಟ್ಟಿಗೆಯಿಂದ ಬೆಂಕಿ ಹಚ್ಚಿದ್ದಳು. ಹೊಗೆ ತುಂಬಿದ ಮೇಲೆ ಬಚ್ಚಲಿನ ಮೂಲೆಯಲ್ಲಿ ಮುದುಡಿ ಕೂತಿದ್ದಳು. ಎರಡೂ ಅಂಗೈಯಲ್ಲಿ ಸುಟ್ಟ ಬೊಬ್ಬೆಗಳು ಎದ್ದಿದ್ದವು.

"ಯಾಕ ಹಚ್ಚಿದಿ ಯವ್ವಾ?"

"ನಮ್ಮ ಸಾವಿತ್ರಿ ಸಾಲಿಗಿ ಹೋಗ್ತಾಳ. ಹಸಗೊಂಡು ಹೋಗಬಾರದು, ರೊಟ್ಟಿ ಮಾಡಾಕ ಒಲಿ ಹಚ್ಚಿದ್ನಿ" ಎಂದಳು. ನಾನು ಎದುರಿಗಿದ್ದರೂ ಗುರುತಿರಲಿಲ್ಲ. ಆಮೇಲೆ ಮೆಲ್ಲಗೆ, "ಬಾಗಲಾ ಬಡದೆ ಬಡದೆ. ಯಾರೂ ತೆಗೀಲಿಲ್ಲ" ಎಂದಳು.

ಆ ಸಂಜೆ ಅವ್ವನನ್ನು ಗಂಡನ ಹತ್ತಿರ ಬಿಟ್ಟು, ಕೆಲಸ ಹೋಯಿತೆಂದೇ ತಿಳಿದು ಶಿಕ್ಷಕರ ಮನೆಗೆ ಹೋದೆ. ಸೊಸೆ ಸಿಟ್ಟಿನಲ್ಲಿದ್ದರು. ಮಂಚದ ಮೇಲಿಂದಲೇ ಅಮ್ಮನವರು, "ನಾನ ಕಳಿಸೀನಿ. ನಾಳಿಂದ ಅವರವ್ವನ್ನೂ ಇಲ್ಲೇ ಕರಕೊಂಡು ಬರಲಿ" ಎಂದರು. ಸೊಸೆ ಒಪ್ಪಿದರು.

ಈಗ ದಿನವೂ ಅವ್ವನನ್ನು ಜೊತೆಗೇ ಕರೆದೊಯ್ಯುತ್ತೇನೆ. ಹೊರಡುವಾಗ ಅವಳು ಹೊಸ್ತಿಲ ಒಳಗೇ ನಿಂತು, "ನಾ ಹೊರಗ ಬರಲೇನು?" ಎಂದು ಕೇಳುತ್ತಾಳೆ. ಕೈಯ ಗಾಯ ಎಂದೋ ಮಾಯಿತು. ಈ ಕೇಳುವುದು ನಿಂತಿಲ್ಲ. ಅಮ್ಮನವರೂ ಈಗೀಗ ಸೊರಗುತ್ತಿದ್ದಾರೆ. ಅವರಿಗೆ ಗಂಜಿ ಕುಡಿಸುವಾಗ ಇನ್ನೊಂದು ಗುಟುಕು ಕುಡೀರಿ ಎಂದು ಒತ್ತಾಯ ಮಾಡುತ್ತೇನೆ. ಅವರಿಲ್ಲದ ದಿನ ಬಂದರೆ ನನ್ನ ಅವ್ವನನ್ನು ಎಲ್ಲಿ ಕೂರಿಸಲಿ ಎಂಬುದು ನನಗೆ ಇಂದಿಗೂ ತಿಳಿಯದು.