ದಡ ಮುಟ್ಟುವ ಸರದಿ

ಯಗಟಿಯ ಅಂಜಿನಮ್ಮನವರೊಂದಿಗಿನ ಮೊದಲ ಮಾತುಕತೆಯನ್ನು ಗೊತ್ತುಮಾಡಿಕೊಟ್ಟವರು ಕಡೂರಿನ ಹೊಲಿಗೆ ಶಿಕ್ಷಕಿ ವಿಮಲಮ್ಮ. 1988ರ ಮಳೆಗಾಲ ಮುಗಿದ ಮೇಲೆ ಜನರ ನೆನಪುಗಳನ್ನು ಅವರ ಬಾಯಿಂದಲೇ ದಾಖಲಿಸುತ್ತಿದ್ದ ನಾನು ಎರಡು ಸಲ ಬಸ್ಸಿನಲ್ಲಿ ಹೋಗಿ, ಮಾತು ದೊರೆಯದೆ ಮರಳಿದ್ದೆ. ಉಣ್ಣೆ ಕತ್ತರಿಸುವ ಕಾಲದಲ್ಲಿ ಕುರಿ ಸಾಕುವವರ ಮನೆಯಲ್ಲಿ ಯಾರೂ ಕೂರುವುದಿಲ್ಲ. ಕಡೆಗೆ ಅಂಜಿನಮ್ಮನವರ ತಂದೆ ದೊಡ್ಡಬೀರಪ್ಪನವರೇ ವಿಮಲಮ್ಮನವರ ಮೂಲಕ ಹೇಳಿಕಳಿಸಿದರು: ಮಾತು ಬೇಕಿದ್ದರೆ ಕೆರೆಯ ಹತ್ತಿರ ಬರಲಿ.

ಹೋದೆ. ಟೇಪ್ ರೆಕಾರ್ಡರು ನೆನೆಯದಂತೆ ಅದನ್ನು ಎತ್ತಿ ಕಲ್ಲಿನ ಮೇಲಿಟ್ಟ ಅಂಜಿನಮ್ಮನವರ ಬಲಗೈಯ ನಡುಬೆರಳು ಸೊಟ್ಟಗಿತ್ತು. ನನ್ನ ಮೊದಲ ಪ್ರಶ್ನೆ ಅದರ ಬಗೆಗೇ ಆಯಿತು.

ಮೂರನೆಯ ವಯಸ್ಸಿನಲ್ಲಿ ಪೋಲಿಯೊ ಅವರ ಬಲಗಾಲನ್ನು ಒಣಗಿಸಿತು. ಮಂದೆಯ ಹಿಂದೆ ನಡೆಯಲಾಗದ ಮಗಳಿಗೆ ತಂದೆ ನೀರಿನ ಕೆಲಸ ಕೊಟ್ಟರು. ಕತ್ತರಿ ಹಾಕುವ ಮುನ್ನ ಉಣ್ಣೆಯ ಕೊಳೆ ಹೋಗಲೆಂದು ಕುರಿಗಳನ್ನು ಕೆರೆಗೆ ಇಳಿಸಿ ಆಚೆ ದಡಕ್ಕೆ ಈಜಿಸುತ್ತಾರೆ. ಜೊತೆಗೆ ಈಜುವವರಿಗೆ ಒಂದೇ ಕಟ್ಟಳೆ: ದಡ ಹತ್ತಿರವಾದಾಗ ಕೈ ನಿಧಾನಿಸಬೇಕು, ಕುರಿಗಳೆಲ್ಲ ಹತ್ತಿದ ಮೇಲೆ ಕಡೆಯಲ್ಲಿ ತಾವು ಹತ್ತಬೇಕು. ಅವಸರ ಮಾಡಿದರೆ ಮಂದೆ ಬೆದರಿ ಒಂದರ ಮೇಲೊಂದು ಬೀಳುತ್ತದೆ, ಮರಿಗಳು ಅಡಿಯಲ್ಲಿ ಸಿಕ್ಕಿ ಸಾಯುತ್ತವೆ. ಅಂಜಿನಮ್ಮ ಹದಿನಾಲ್ಕು ವರ್ಷ ಹೀಗೆಯೇ ಈಜಿದರು.

ಅದನ್ನು ಕಂಡ ವಿಮಲಮ್ಮ 1982ರಲ್ಲಿ ಅವರನ್ನು ಬೆಂಗಳೂರಿನ ತರಬೇತಿ ಶಿಬಿರಕ್ಕೆ ಸೇರಿಸಿದರು. ಹಾಂಗ್‌ಕಾಂಗ್‌ನಲ್ಲಿ ನಡೆಯಲಿದ್ದ ಅಂಗವಿಕಲರ ಅಂತರರಾಷ್ಟ್ರೀಯ ಕೂಟಕ್ಕೆ ಐವತ್ತು ಮೀಟರ್ ಈಜಿನಲ್ಲಿ ಒಬ್ಬರನ್ನು ಮಾತ್ರ ಆರಿಸುವವರಿದ್ದರು. ತಂದೆ ಒಪ್ಪಿದ್ದು ಒಂದು ಸಲಕ್ಕೆ. ಆಗದಿದ್ದರೆ ಮತ್ತೆ ನೀರಿನ ಮಾತು ಎತ್ತಬಾರದು, ಮದುವೆಗೆ ಒಪ್ಪಬೇಕು ಎಂದಿದ್ದರು.

ಆಯ್ಕೆಯ ದಿನ ಬೆಳಗಿನ ಸುತ್ತಿನಲ್ಲಿ ಅಂಜಿನಮ್ಮ ಎಲ್ಲರಿಗಿಂತ ಮುಂದಿದ್ದರು. ಈಜುಕೊಳದ ಆಚೆಯ ಗೋಡೆ ಕೈಗೆಟುಕುವಷ್ಟರಲ್ಲಿ ತೋಳು ತಾನಾಗಿ ಸಡಿಲಿತು. ಅಕ್ಕಪಕ್ಕದ ಮೂವರು ಮುಟ್ಟಿದರು, ಆಮೇಲೆ ಇವರು. ಮೊದಲ ನಾಲ್ವರಿಗೆ ಮಧ್ಯಾಹ್ನದ ಕೊನೆಯ ಸುತ್ತಿನಲ್ಲಿ ಅವಕಾಶವಿದ್ದುದರಿಂದ ಉಳಿದುಕೊಂಡರು, ಅಷ್ಟೆ.

"ಯಾರಿಗಮ್ಮಾ ದಾರಿ ಬಿಟ್ಟೆ?" ಎಂದರು ತರಬೇತುದಾರರು.

"ಕುರಿಗೆ ಸಾರ್."

ಸುತ್ತಲಿದ್ದವರು ನಕ್ಕರು. ಊಟದ ಸಾಲಿನಲ್ಲಿ ಯಾರೋ ಬ್ಯಾ ಎಂದು ಅರಚಿದರಂತೆ. ಅಂಜಿನಮ್ಮನವರಿಗೆ ತಪ್ಪು ಗೊತ್ತಿತ್ತು, ತಿದ್ದುವುದು ಹೇಗೆಂದು ಗೊತ್ತಿರಲಿಲ್ಲ. ತೋಳು ತನ್ನ ಮಾತು ಕೇಳುತ್ತದೆಂಬ ನಂಬಿಕೆ ಹೋಗಿತ್ತು. ಮರದ ಬೆಂಚಿನ ಮೇಲೆ ಕೂತು ಬೆರಳುಗಳನ್ನು ಮಡಿಸುತ್ತಾ ಬಿಚ್ಚುತ್ತಾ ಇದ್ದರಂತೆ. ಮಧ್ಯಾಹ್ನದ ಸೀಟಿಗೆ ಮುನ್ನ, ಆಯ್ಕೆ ನೋಡಲೆಂದು ಊರಿನಿಂದ ಬಂದಿದ್ದ ದೊಡ್ಡಬೀರಪ್ಪ, ವಿಮಲಮ್ಮ ತಡೆದರೂ ಕೇಳದೆ, ಕಂಬಳಿ ಹೆಗಲಿಗೇರಿಸಿಕೊಂಡು ಕೊಳದ ಅಂಚಿಗೆ ಬಂದರು. ಕೆಸರಿಲ್ಲದ ನೀರನ್ನು ಒಂದು ಗಳಿಗೆ ನೋಡಿದರು.

"ಇವತ್ತು ಹಿಂದ್ಕೆ ನೋಡ್‌ಬ್ಯಾಡ ಕಣವ್ವ," ಎಂದರು. "ಕುರಿ ನಾ ನೋಡ್ಕೊಂತೀನಿ. ನೀ ಹತ್ತು."

ಸೀಟಿ ಆಯಿತು. ಅರ್ಧ ದಾರಿಯಲ್ಲಿ ಎಡಗಡೆಯವಳು ಮುಂದಾದಳು. ಗೋಡೆಯ ನೆರಳು ನೀರಿನಲ್ಲಿ ಕಂಡಾಗ ಭುಜದಲ್ಲಿ ಹಳೆಯ ಸಡಿಲಿಕೆ ಎದ್ದಿತು. ಅಪ್ಪ ಇದ್ದಾನೆ, ಮಂದೆ ಅವನ ಪಾಲು ಎಂದುಕೊಂಡು ಅಂಜಿನಮ್ಮ ಕಣ್ಣು ಮುಚ್ಚಿ ಹೊಡೆದರು. ದಡಕ್ಕೆ ವೇಗವಾಗಿ ಬಂದು ರೂಢಿಯೇ ಇಲ್ಲದ ಕೈ, ಅಂಗೈ ಚಾಚದೆ, ನೆಟ್ಟಗಿನ ಬೆರಳುಗಳಿಂದಲೇ ಗೋಡೆಗೆ ಬಡಿಯಿತು.

ಹಾಂಗ್‌ಕಾಂಗ್‌ಗೆ ಹೊರಡುವಷ್ಟರಲ್ಲಿ ಮೂಳೆ ಕೂಡಿತು. ಬೆರಳು ಮಾತ್ರ ಸೊಟ್ಟಗೇ ಉಳಿಯಿತು. ನನ್ನ ಪ್ರಶ್ನೆಗೆ ಉತ್ತರವಾಗಿ, ವಿಮಲಮ್ಮನವರ ಮಾತಿನೊಂದಿಗೆ ತಾಳೆನೋಡಿ, ದಾಖಲೆಯಲ್ಲಿ ಬರೆದುಕೊಂಡದ್ದು ಇಷ್ಟು: ಬೆರಳು ಮುರಿದದ್ದು 1982ರ ಆಗಸ್ಟ್ 22, ಭಾನುವಾರ, ಬೆಂಗಳೂರು, ಐವತ್ತು ಮೀಟರ್, ಮೊದಲ ಸ್ಥಾನ.