ಬಿಳಿ ಒಂದರ ಮೋಹನ ನಾಯ್ಕರು

ಹೆಬಳೆಯ ಮೋಹನ ನಾಯ್ಕರಂಥ ಹಾರ್ಮೋನಿಯಂ ವಾದಕರು ಭಟ್ಕಳದಿಂದ ಕುಮಟಾದವರೆಗೆ ಹುಡುಕಿದರೂ ಸಿಗಲಿಕ್ಕಿಲ್ಲ ಎಂದು ಮೊದಲು ಹೇಳಿದವರು ಸ್ವತಃ ಮೋಹನ ನಾಯ್ಕರೇ. ಆಮೇಲೆ ಊರವರೂ ಹೇಳತೊಡಗಿದರು. ಹೇಳದೆ ಉಳಿದವಳು ಅವರ ಹೆಂಡತಿ ಮಾಲಿನಿ ಒಬ್ಬಳೇ. ಅವಳಿಗೆ ಹೊಟ್ಟೆಕಿಚ್ಚೇನೂ ಇರಲಿಲ್ಲ. ಇಪ್ಪತ್ತೆರಡು ವರ್ಷ ಆ ಹಾರ್ಮೋನಿಯಮ್ಮಿನ ಪಕ್ಕದಲ್ಲೇ ಕೂತು ಭಜನೆ ಹೇಳಿದವಳಾದ್ದರಿಂದ ಅವಳಿಗೆ ವಿಷಯ ಗೊತ್ತಿತ್ತು, ಅಷ್ಟೆ.

ವಿಷಯ ಇಷ್ಟೇ: ನಾಯ್ಕರಿಗೆ ಬಿಳಿ ಒಂದು ಬಿಟ್ಟರೆ ಬೇರೆ ಬರುತ್ತಿರಲಿಲ್ಲ. ಹಾರ್ಮೋನಿಯಮ್ಮಿನಲ್ಲಿ ಬಿಳಿ ಮನೆಗಳೂ ಇರುತ್ತವೆ, ಕಪ್ಪು ಮನೆಗಳೂ ಇರುತ್ತವೆ. ಹಾಡುವವರ ಗಂಟಲಿಗೆ ಯಾವ ಮನೆ ಒಗ್ಗುತ್ತದೋ ಅದನ್ನೇ ‘ಸ’ ಎಂದಿಟ್ಟುಕೊಂಡು ಬಾರಿಸುವುದು ಸಾಥ್ ಕೊಡುವವರ ಧರ್ಮ. ಒಬ್ಬರಿಗೆ ಬಿಳಿ ಎರಡು ಒಗ್ಗಿದರೆ ಇನ್ನೊಬ್ಬರಿಗೆ ಕಪ್ಪು ನಾಲ್ಕು. ಆದರೆ ನಾಯ್ಕರು ಕಲಿತದ್ದು ಸೋದರಮಾವನ ಹಳೆಯ ಹಾರ್ಮೋನಿಯಂ ಪೇಟಿಯಲ್ಲಿ. ಸಮುದ್ರದ ಉಪ್ಪುಗಾಳಿಗೆ ಅದರ ಕಪ್ಪು ಮನೆಗಳೆಲ್ಲ ಹಿಡಿದುಕೊಂಡು, ಒತ್ತಿದರೆ ಒಳಗೇ ಕೂತುಬಿಡುತ್ತಿದ್ದವು. ಮೊದಲನೆಯ ಬಿಳಿ ಮನೆಯಿಂದ ಶುರುಮಾಡಿ ಬರೀ ಬಿಳಿಯ ಮೇಲೆ ನಡೆದರೆ ಏನೋ ಒಂದು ಹಾಡು ಬರುತ್ತದೆ ಎಂದು ಹುಡುಗ ಮೋಹನ ಕಂಡುಕೊಂಡ. ಮುಂದೆ ಒಳ್ಳೆಯ ಪೇಟಿ ಕೊಂಡ ಮೇಲೂ ಬೆರಳು ಕಪ್ಪು ಮನೆಯ ಹತ್ತಿರ ಸುಳಿಯಲಿಲ್ಲ. “ಅದೆಲ್ಲ ಚಂದಕ್ಕೆ ಇಟ್ಟದ್ದು” ಎಂದು ಅವರು ಶಾಸ್ತ್ರವನ್ನೇ ಮಾಡಿಬಿಟ್ಟರು. ಭೈರವಿಯಲ್ಲಿ ಹೇಳಬೇಕಾದ ಮಂಗಳ ಕೂಡ ಅವರ ಕೈಯಲ್ಲಿ ಶಾಲೆಯ ಪ್ರಾರ್ಥನೆಯ ಹಾಗೆ ಕೇಳುತ್ತಿತ್ತು.

ಹಾಗಾಗಿ ನಾಯ್ಕರು ಹಾಡುವವರ ಬೆನ್ನು ಹಿಡಿಯುತ್ತಿರಲಿಲ್ಲ, ಹಾಡುವವರೇ ನಾಯ್ಕರ ಬೆನ್ನು ಹಿಡಿಯಬೇಕಾಗಿತ್ತು. ಮಾಲಿನಿ ಕತಗಾಲದವಳು. ಶಾಲೆಯಲ್ಲಿ ಅವಳು ಹಾಡಿದರೆ ಹೊಳೆಯಾಚೆ ಗದ್ದೆಯಲ್ಲಿದ್ದವರು ತಲೆಯೆತ್ತುತ್ತಿದ್ದರಂತೆ. ಮದುವೆಯಾಗಿ ಬಂದ ವರ್ಷ ಮಹಿಳಾ ಭಜನಾ ಮಂಡಳಿಯಲ್ಲಿ ಮೊದಲ ಸಲ ಕೂತು, ತನಗೆ ಒಗ್ಗಿದ ಎತ್ತರದಲ್ಲಿ ಹಾಡು ಎತ್ತಿಕೊಂಡಳು. ನಾಯ್ಕರು ಬಾರಿಸುವುದನ್ನು ನಿಲ್ಲಿಸಿ ಅವಳ ಕಡೆ ನೋಡಿದರು. “ಇಳಿಸು” ಎಂದರು. ಹೊಸ ಮದುಮಗಳು ಇಳಿಸಿದಳು. ಆ ಶ್ರುತಿಯಲ್ಲಿ ಹಾಡಿನ ಕೆಳಗಿನ ಸಾಲುಗಳು ಅವಳ ಗಂಟಲಲ್ಲೇ ಮುಳುಗಿ ಹೋಗುತ್ತಿದ್ದವು. ಬಾಯಿ ಆಡುವುದು ಕಾಣುತ್ತಿತ್ತು, ದನಿ ಕೇಳುತ್ತಿರಲಿಲ್ಲ. “ನಾಯ್ಕರ ಹೆಂಡತಿಗೆ ಸ್ವರಜ್ಞಾನ ಇದೆ, ದನಿ ಇಲ್ಲ ಪಾಪ” ಎಂದು ಊರು ತೀರ್ಮಾನ ಕೊಟ್ಟಿತು. ಅವಳ ದನಿ ಅಡುಗೆಮನೆಯಲ್ಲಿ ಕಾಯಿ ತುರಿಯುವಾಗ ಮಾತ್ರ ಹೊರಗೆ ಬರುತ್ತಿತ್ತು, ಅದೂ ಗಂಡ ತನ್ನ ಕಿರಾಣಿ ಅಂಗಡಿಗೆ ಹೋದ ಮೇಲೆ.

ಹೀಗಿರುವಾಗ ಭಟ್ಕಳದಲ್ಲಿ ಸೌಂಡ್ ಸಿಸ್ಟಂ ಅಂಗಡಿ ಇಟ್ಟುಕೊಂಡ ಉಮೇಶ ಒಂದು ಕೀಬೋರ್ಡು, ಒಂದು ಹಳೆಯ ಲ್ಯಾಪ್‌ಟಾಪು ತಂದು ನಾಯ್ಕರ ಜಗಲಿಯಲ್ಲಿಟ್ಟ. ಕೀಬೋರ್ಡಿಗೆ ತನ್ನದೆಂಬ ದನಿಯೇ ಇರಲಿಲ್ಲ. ಒತ್ತಿದ್ದು ವಯರಿನಲ್ಲಿ ಕಂಪ್ಯೂಟರಿಗೆ ಹೋಗಿ, ಕಂಪ್ಯೂಟರು ಅದನ್ನು ಬೇರೆ ಸ್ವರ ಮಾಡಿ ಸ್ಪೀಕರಿಗೆ ಕಳಿಸುತ್ತಿತ್ತು. ಎಂಟು ಎಂದು ನಂಬರು ಹಾಕಿದರೆ ಒತ್ತಿದ್ದಕ್ಕಿಂತ, ಕಪ್ಪು ಬಿಳಿ ಎಲ್ಲ ಸೇರಿಸಿ ಎಣಿಸಿದರೆ, ಎಂಟು ಮನೆ ಮೇಲಿನ ಸ್ವರ. ರಾಗದ ಹೆಸರು ಆರಿಸಿಟ್ಟರೆ ಇನ್ನೂ ಚಂದ. ರಾಗಕ್ಕೆ ಸೇರದ ಮನೆ ಒತ್ತಿದರೂ ಅದನ್ನು ತಿದ್ದಿ ಪಕ್ಕದ ಸರಿಯಾದ ಸ್ವರವನ್ನೇ ಕೊಡುತ್ತಿತ್ತು.

“ನೀವು ಎಂತ ಬೇಕಾರೂ ಒತ್ತಿ ನಾಯ್ಕ್ರೇ” ಎಂದ ಉಮೇಶ. “ಹೊರಗೆ ಎಂತ ಬರಬೇಕು ಹೇಳೂದನ್ನ ಇದು ನೋಡ್ಕಳ್ತದೆ.”

ನಾಯ್ಕರು ಬಿಳಿ ಒಂದರಲ್ಲಿ ಶುರುಮಾಡಿದರು. ಸ್ಪೀಕರಿನಲ್ಲಿ ಕಪ್ಪು ಮೂರು ಬಂತು, ಭೈರವಿ ಬಂತು, ಜನ್ಮದಲ್ಲಿ ಅವರ ಕೈಯಿಂದ ಹೊರಡದಿದ್ದ ಕೋಮಲ ಸ್ವರಗಳೆಲ್ಲ ಸಾಲಾಗಿ ಬಂದವು. ಅವರ ಕಣ್ಣಲ್ಲಿ ನೀರು ಬಂತು. ಯಂತ್ರದ ಚಮತ್ಕಾರಕ್ಕೆ ಬಂದ ನೀರು ಅಲ್ಲ ಅದು, ತನ್ನ ಪ್ರತಿಭೆಗೆ ಬಂದದ್ದು. ಇಷ್ಟು ವರ್ಷ ತಾನು ಸರಿಯಾಗಿಯೇ ಬಾರಿಸುತ್ತಿದ್ದೆ, ತಪ್ಪು ಹಾರ್ಮೋನಿಯಮ್ಮಿನದಾಗಿತ್ತು ಎಂದು ಅವರಿಗೆ ಆ ಕ್ಷಣದಲ್ಲಿ ಖಾತ್ರಿಯಾಯಿತು. ಕುಣಿಯಲಾರದವಳಿಗೆ ನೆಲ ಡೊಂಕು ಎಂಬ ಗಾದೆ ಮಾಡಿದವರು ಡೊಂಕು ನೆಲವನ್ನು ನೆಟ್ಟಗೆ ಮಾಡಿಕೊಡುವ ಕಂಪ್ಯೂಟರು ಬಂದೀತೆಂದು ಎಣಿಸಿರಲಿಲ್ಲ.

ಒಂದು ಮಧ್ಯಾಹ್ನ ಮನೆಯ ಬೆಕ್ಕು ಆ ಕೀಬೋರ್ಡಿನ ಮೇಲೆ ಈ ತುದಿಯಿಂದ ಆ ತುದಿಗೆ ನಡೆದು ಹೋಯಿತು. ಲ್ಯಾಪ್‌ಟಾಪಿನಲ್ಲಿ ಭೂಪ ರಾಗ ಹಾಕಿಟ್ಟಿತ್ತು. ಬೆಕ್ಕು ಎಲ್ಲೆಲ್ಲಿ ಕಾಲಿಟ್ಟರೂ ಶುದ್ಧ ಭೂಪವೇ ಕೇಳಿತು.

“ಬೆಕ್ಕೂ ಅಡ್ಡಿಲ್ಲ, ಚಲೋ ಬಾರಿಸ್ತದೆ” ಎಂದಳು ಮಾಲಿನಿ.

ನಾಯ್ಕರು ಎರಡು ದಿನ ಅವಳ ಹತ್ತಿರ ಮಾತಾಡಲಿಲ್ಲ. ಬೆಕ್ಕಿಗೆ ಹಾಲು ಹಾಕುವುದನ್ನೂ ನಿಲ್ಲಿಸಿದರು.

ಆಮೇಲಿನದು ಬರೀ ಏಳಿಗೆ. ಹೊನ್ನಾವರದ ಮದುವೆ ಆರತಕ್ಷತೆಗಳಿಗೆ, ಕುಮಟಾದ ಭಾವಗೀತೆ ಕಾರ್ಯಕ್ರಮಗಳಿಗೆ ಕರೆ ಬಂತು. ಯಾರ ಶ್ರುತಿ ಯಾವುದು ಎಂದು ಹೆಸರು ಹಿಡಿದು ಹೇಳಲು ನಾಯ್ಕರಿಗೆ ಈಗಲೂ ಬರುತ್ತಿರಲಿಲ್ಲ, ಅದರ ಅಗತ್ಯವೂ ಇರಲಿಲ್ಲ. ಒಂದು ಚೀಟಿಯಲ್ಲಿ ಹಾಡುವವರ ಹೆಸರು ಬರೆದು, ಎದುರಿಗೆ ನಂಬರು ಬರೆದು ಲ್ಯಾಪ್‌ಟಾಪಿಗೆ ಅಂಟಿಸಿಕೊಂಡರು. ಕುಮಟಾದ ಪ್ರದೀಪ, ಒಂದು. ಹೊನ್ನಾವರದ ದೀಪಾ, ಒಂಬತ್ತು. ದಾರಿಯಲ್ಲಿ ಸಿಕ್ಕಿದ ಗಾಯಕರನ್ನು ಆ ನಂಬರಿನಿಂದಲೇ ನೆನಪಿಟ್ಟುಕೊಳ್ಳುವ ಮಟ್ಟಕ್ಕೆ ಸಂಗೀತ ಅವರ ತಲೆಗೇರಿತ್ತು. ಯಾವುದೋ ಯುವಕ ಸಂಘ ಅವರಿಗೆ ‘ಸ್ವರ ಸಾಮ್ರಾಟ’ ಎಂದು ಬಿರುದು ಕೊಟ್ಟಿತು. ಅದನ್ನು ಅಂಗಡಿಯ ಬೋರ್ಡಿನ ಮೇಲೆ, ಅಕ್ಕಿ ಬೇಳೆ ಸಿಗುತ್ತದೆ ಎಂಬುದರ ಕೆಳಗೆ, ಬರೆಸಿದ್ದೂ ಆಯಿತು.

ಹೊನ್ನಾವರದ ಒಂದು ಮದುವೆಗೆ ಮಾಲಿನಿಯೂ ಹೋಗಿದ್ದಳು. ಆ ದೀಪಾ ಎಂಬ ಹುಡುಗಿಗೆ ಅವತ್ತು ಶೀತವಾಗಿತ್ತು. “ಅಣ್ಣ, ಚೂರು ಇಳಿಸಿ” ಎಂದಳು. ನಾಯ್ಕರು ಇಳಿಸಿದರು. “ಇಲ್ಲ ಅಣ್ಣ, ಇನ್ನೊಂಚೂರು.” “ಆತು ತಂಗಿ.” “ಈಗ ಮತ್ತೆ ಒಂದೇ ಒಂದು ಮೇಲೆ.” “ಆತು, ಆತು. ಗಂಟಲಿಗೆ ತ್ರಾಸು ಮಾಡ್ಕಳ್ಳಬ್ಯಾಡ.” ಮೂರು ಸಲ, ನಗುನಗುತ್ತ, ನಂಬರು ಬದಲಿಸಿದರು. ಮಾಲಿನಿ ಊಟದ ಪಂಕ್ತಿಗೆ ಹೋಗದೆ ಕುರ್ಚಿಯಲ್ಲೇ ಕೂತು ಅಷ್ಟನ್ನೂ ಎಣಿಸುತ್ತಿದ್ದಳು. ಹುಡುಗಿಯ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಒಂದು ಗುಂಡಿ ಒತ್ತಿದರೆ ಆಗುವ ಕೆಲಸ ಇದು, ಯಂತ್ರ ಬಂದು ಒಂದೂವರೆ ವರ್ಷವಾಯಿತು, ತನಗೆ ಯಾಕೆ ಒಂದು ಸಲವೂ ಮಾಡಲಿಲ್ಲ ಎಂಬುದೇ ಅವಳ ಸಿಟ್ಟು.

ಮರುದಿನ ಚಾ ಕೊಡುವಾಗ ಕೇಳಿದಳು: “ಹೋಯ್, ಆ ಚೀಟಿಯಲ್ಲಿ ನನ್ನ ನಂಬರ ಎಷ್ಟು?”

“ಮನೆಯವ್ರಿಗೆ ಎಂತಕ್ಕೆ ನಂಬರು?” ನಾಯ್ಕರು ನಿಜವಾಗಿಯೂ ಬೆರಗಾದರು. “ನೀನು ಬಿಳಿ ಒಂದಕ್ಕೆ ಪಳಗಿದವಳು. ಈಗ ಎತ್ತರಿಸೂಕೆ ಹೋದ್ರೆ ಗಂಟಲು ಹಾಳಾಗ್ತದೆ.”

ಮನೆಗೆ ಮಾರಿ, ಊರಿಗೆ ಉಪಕಾರಿ ಎಂದರೆ ಇದೇ. ಮಾಲಿನಿ ನೇರ ಗಂಗಿಯ ಮನೆಗೆ ಹೋದಳು. ಗಂಗಿ ಮಂಡಳಿಗೆ ಹಿರಿಯಳು, ತಾಳ ಹಾಕುವವಳು. ಅವಳ ಬಾಯಿಗೆ ನಾಯ್ಕರಷ್ಟೇ ಅಲ್ಲ, ಊರೇ ಹೆದರುತ್ತಿತ್ತು. ಕುಮಟಾದಲ್ಲಿ ಮಹಿಳಾ ಭಜನಾ ಸ್ಪರ್ಧೆ ಎಂದು ಆಗಷ್ಟೇ ಗೊತ್ತಾಗಿತ್ತು. ಆ ಸಂಜೆ ಗಂಗಿ ಎಂಟು ಹೆಂಗಸರನ್ನು ಕಟ್ಟಿಕೊಂಡು ನಾಯ್ಕರ ಅಂಗಡಿಯೆದುರು ನಿಂತಳು.

“ಮೋಹನಾ, ಈ ಸಲ ಮಾಲಿನಿ ಮುಂದೆ ಹಾಡೂದು. ಅವಳ ಗಂಟಲಿಗೆ ಸಮಾ ಆಗೂ ಹಂಗೆ ನಿನ್ನ ಡಬ್ಬಿ ತಿರುಗಿಸು. ಇಲ್ದಿದ್ರೆ ನಾವು ಉಮೇಶನ್ನೇ ಕರ್ಕಂಡು ಹೋಗ್ತೇವೆ, ಒತ್ತೂಕೆ ಅವನಿಗೂ ಬರ್ತದೆ.”

ಗಿರಾಕಿಗಳ ಎದುರು ಸಾಮ್ರಾಟರು ಒಪ್ಪಿದರು.

ಗಂಗಿಯ ಜಗಲಿಯಲ್ಲಿ ಹದಿನೈದು ದಿನ ಅಭ್ಯಾಸ ನಡೆಯಿತು. ನಂಬರು ಐದಾಯಿತು, ಏಳಾಯಿತು, ಎಂಟಕ್ಕೆ ಬಂದು ನಿಂತಿತು. ಎಂಟೆಂದರೆ ಕಪ್ಪು ನಾಲ್ಕು. ಮೊದಲ ಎರಡು ದಿನ ಮಾಲಿನಿಯ ದನಿ ಹೆದರಿ ಹೆದರಿ ಹೊರಗೆ ಬಂತು. ಮೂರನೆಯ ದಿನ ಬಿಚ್ಚಿಕೊಂಡಿತು. ಕೆಳಗಿನ ಸಾಲು ತುಂಬಿ ಕೇಳಿತು, ಮೇಲಿನ ಸಾಲಿಗೆ ಏಣಿ ಹತ್ತುವ ಕಷ್ಟವೇ ಇರಲಿಲ್ಲ. ಹೆಂಗಸರು ತಾಳ ನಿಲ್ಲಿಸಿ ಅವಳ ಮುಖ ನೋಡಿದರು. ಮಾಲಿನಿಗೆ ಅಷ್ಟು ಸಂತೋಷ ಮದುವೆಯಾದ ಮೇಲೆ ಆದದ್ದು ಅದೇ ಮೊದಲು ಎಂದರೆ ತಪ್ಪಲ್ಲ. ಜೊತೆಗೆ ದುಃಖವೂ ಆಯಿತು, ಇಪ್ಪತ್ತೆರಡು ವರ್ಷದ ಲೆಕ್ಕ ಹಿಡಿದು. ಕುಮಟಾದಲ್ಲಿ, ಅಷ್ಟು ಜನರ ಎದುರು, ಒಂದು ಸಲ ಈ ದನಿಯಲ್ಲಿ ಹಾಡಿಬಿಡಬೇಕು. ಬಹುಮಾನ ಬರಲಿ, ಬಿಡಲಿ, ತನಗೆ ದನಿಯಿಲ್ಲ ಎಂಬ ಆ ತೀರ್ಮಾನವನ್ನು ವಾಪಸು ಕೊಡಬೇಕು. ಅವಳಿಗೆ ಬೇಕಾದದ್ದು ಅಷ್ಟೇ.

ಕುಮಟಾದ ಸಭಾಭವನದ ಬಾಗಿಲಲ್ಲೇ ಮೇಜು ಹಾಕಿಕೊಂಡು ಕೂತಿದ್ದವರು ನಾಯ್ಕರ ಲ್ಯಾಪ್‌ಟಾಪಿನ ಚೀಲಕ್ಕೆ ಕೈ ಅಡ್ಡ ಹಿಡಿದರು. ನಿಯಮಾವಳಿ ತೋರಿಸಿದರು. ಹಿಂದಿನ ವರ್ಷ ಯಾವುದೋ ಮಂಡಳಿ ಮೊಬೈಲಿನಲ್ಲಿ ಇಡೀ ಹಾಡನ್ನೇ ಹಾಕಿ ಬರೀ ಬಾಯಿ ಆಡಿಸಿತ್ತಂತೆ. ಆದ್ದರಿಂದ ಈ ಸಲ ಕಂಪ್ಯೂಟರು, ಮೊಬೈಲು, ಕರೆಂಟಿನ ವಾದ್ಯ ಯಾವುದೂ ಸಲ್ಲದು. ವೇದಿಕೆಯ ಮೇಲೆ ಸಾದಾ ಹಾರ್ಮೋನಿಯಂ ಇದೆ, ಅದನ್ನೇ ಬಾರಿಸಬೇಕು. ಆ ಕಾಗದ ನಾಯ್ಕರ ಅಂಗಡಿಗೂ ಬಂದಿತ್ತು. ಸಾಮ್ರಾಟರು ಅದರಲ್ಲಿ ಮುಖ್ಯ ಅತಿಥಿಗಳ ಹೆಸರಷ್ಟೇ ಓದಿ, ಉಳಿದದ್ದರಲ್ಲಿ ಸಾಸಿವೆ ಕಟ್ಟಿಕೊಟ್ಟಿದ್ದರು.

ವೇದಿಕೆಯ ಪಕ್ಕದಲ್ಲಿ ಅವರು ಹೆಂಡತಿಯ ಕಿವಿಯ ಹತ್ತಿರ ಬಂದರು. ಬೆವರು ಇಳಿಯುತ್ತಿತ್ತು.

“ಇವತ್ತೊಂದಿನ ಇಳಿಸ್ಕೋ ಮಾಲಿನಿ. ಬಿಳಿ ಒಂದರಲ್ಲಿ ಹೇಳು. ನಿಂಗೆ ರೂಢಿ ಇದ್ದದ್ದೇ ಅಲ್ಲ?”

“ನಂಗೆ ಆಗೂದಿಲ್ಲ.”

“ನನ್ನ ಮರ್ಯಾದಿ ಹೋಗ್ತದೆ.”

“ಆ ಕಪ್ಪು ನಾಲ್ಕನ್ನೊಂದು ಒತ್ತಿ ಹಿಡ್ಕಣಿ. ಶ್ರುತಿ ಇದ್ರೆ ಸಾಕು, ನಾನು ಹೇಳ್ಕಂತೆ.”

“ಒಂದೇ ಮನೆ ಒತ್ತಿ ಕೂತ್ರೆ ಜನ ಎಂತ ಹೇಳ್ತ್ರು? ನಾನೆಂತ ಶ್ರುತಿಪೆಟ್ಟಿಗೆಯಾ?”

ಮಂಡಳಿಯ ಹೆಸರು ಕರೆದರು. ಎಲ್ಲರೂ ಹೋಗಿ ಕೂತರು. ನಾಯ್ಕರು ತಿದಿ ಎಳೆದು ಬಿಳಿ ಒಂದನ್ನು ಗಟ್ಟಿಯಾಗಿ ಒತ್ತಿ, ಅವಳ ಕಡೆ ನೋಡಿದರು. ಇಪ್ಪತ್ತೆರಡು ವರ್ಷದ ಹಿಂದೆ ನೋಡಿದ್ದ ಅದೇ ನೋಟ. ಆ ನೋಟಕ್ಕೆ ಇಳಿದು ಮಾಲಿನಿಯ ಗಂಟಲಿಗೆ ಅಭ್ಯಾಸವಾಗಿತ್ತು, ಈಗಲೂ ಅದು ತನ್ನಷ್ಟಕ್ಕೇ ಇಳಿಯಲು ಹೊರಟಿತ್ತು. ಅವಳು ಕಣ್ಣು ಮುಚ್ಚಿ ಅಡುಗೆಮನೆಯನ್ನು ನೆನೆದುಕೊಂಡಳು. ತನ್ನ ಎತ್ತರದಲ್ಲೇ ಎತ್ತಿದಳು.

ಅರ್ಧ ಸಾಲಿನವರೆಗೆ ಗಂಡನ ಬಿಳಿ ಒಂದೂ ಹೆಂಡತಿಯ ಕಪ್ಪು ನಾಲ್ಕೂ ಜಗಳವಾಡಿದವು. ಮುಂದಿನ ಸಾಲಿನ ಕುರ್ಚಿಯವರು ಮುಖ ಕಿವುಚಿದರು. ಗಂಗಿ ತಾಳ ಹಾಕುತ್ತಲೇ ನಾಯ್ಕರತ್ತ ತಿರುಗಿ ಕಣ್ಣು ಬಿಟ್ಟಳು. ನಾಯ್ಕರು ಮನೆಯ ಮೇಲಿಂದ ಬೆರಳೆತ್ತಿದರು. ಆಮೇಲೆ ಕೇಳಿದ್ದು ಎಂಟು ಜೋಡಿ ತಾಳ ಮತ್ತು ಮಾಲಿನಿ. ಸಭಾಭವನದ ಹಿಂದಿನ ಗೋಡೆಯವರೆಗೂ ಅವಳ ದನಿ ಹೋಯಿತು. ಹೊರಗೆ ಚಾ ಕುಡಿಯುತ್ತಿದ್ದವರು ಲೋಟ ಹಿಡಿದುಕೊಂಡೇ ಬಾಗಿಲಿಗೆ ಬಂದರು.

ಆದರೆ ಸ್ವರ ಸಾಮ್ರಾಟ ಎನಿಸಿಕೊಂಡವರು ಅಷ್ಟು ಜನರ ಎದುರು ಕೈಕಟ್ಟಿ ಕೂರುವುದು ಹೇಗೆ? ನಾಯ್ಕರ ಎಡಗೈ ತಿದಿ ಎಳೆಯುತ್ತಲೇ ಇತ್ತು. ಬಲಗೈಯ ಬೆರಳುಗಳು ಮನೆಗಳಿಂದ ಒಂದು ನೂಲಿನಷ್ಟು ಮೇಲೆ, ಯಾವುದನ್ನೂ ಮುಟ್ಟದೆ, ಅತ್ತಿಂದಿತ್ತ ಓಡಾಡಿದವು. ಕಣ್ಣು ಅರೆಮುಚ್ಚಿತ್ತು, ತಲೆ ತೂಗುತ್ತಿತ್ತು. ಜೀವಮಾನದಲ್ಲಿ ಮೊದಲ ಸಲ ಅವರ ಬೆರಳು ಕಪ್ಪು ಮನೆಗಳ ಮೇಲೂ ಹಾದುಹೋಯಿತು. ಮೈಕಿನಲ್ಲಿ ಬರೀ ತಿದಿಯ ಉಸಿರು ಕೇಳುತ್ತಿತ್ತು. ಹಾಡು ಮುಗಿದಾಗ ಬಿದ್ದ ಚಪ್ಪಾಳೆಗೆ ಮೊದಲು ಎದ್ದು ಕೈಮುಗಿದವರು ಅವರೇ.

ಮಂಡಳಿಗೆ ಎರಡನೆಯ ಬಹುಮಾನ ಬಂತು. ತೀರ್ಪುಗಾರರಲ್ಲಿ ಹಿರಿಯರೊಬ್ಬರು ಮೈಕು ಹಿಡಿದು, ಹೆಬಳೆಯ ತಂಡದ ಹಾಡುಗಾರ್ತಿಯ ಕಂಠವನ್ನು ಮನಸಾರೆ ಹೊಗಳಿದರು. “ಇನ್ನು ಹಾರ್ಮೋನಿಯಂ” ಎಂದರು. “ಇತ್ತೀಚೆಗೆ ಸಾಥ್ ಕೊಡುವವರು ಹಾಡುವವರನ್ನು ಮುಳುಗಿಸಿಬಿಡುತ್ತಾರೆ. ಈ ಮಹನೀಯರು ಆರಂಭದಲ್ಲಿ ಶ್ರುತಿಯೊಂದನ್ನು ಪರೀಕ್ಷಿಸಿಕೊಂಡರು, ಆಮೇಲೆ ಅವರು ಬಾರಿಸುತ್ತಿದ್ದಾರೆಂಬುದೇ ತಿಳಿಯಲಿಲ್ಲ. ಆ ಸಂಯಮ ದೊಡ್ಡದು.” ಉತ್ತಮ ಸಾಥಿ ಎಂದು ನಾಯ್ಕರಿಗೆ ಶಾಲು ಹೊದೆಸಿದರು. ಗಂಗಿ ಸೆರಗು ಬಾಯಿಗೆ ತುರುಕಿಕೊಂಡು ವೇದಿಕೆಯ ಹಿಂದೆ ಓಡಿದಳು. ನಾಯ್ಕರು ಶಾಲನ್ನು ಎರಡೂ ಭುಜಕ್ಕೆ ಸರಿಯಾಗಿ ಎಳೆದುಕೊಂಡು ಫೋಟೋಕ್ಕೆ ನಿಂತರು.

ವಾಪಸು ಬರುವ ಟೆಂಪೊದಲ್ಲಿ, ಸೆಕೆಯಿದ್ದರೂ, ಶಾಲು ಅವರ ಮೈಮೇಲೇ ಇತ್ತು. ಹೊನ್ನಾವರದ ಸೇತುವೆ ದಾಟುವಷ್ಟರಲ್ಲಿ ಜಟ್ಟಿಯ ಮೀಸೆಗೆ ಮಣ್ಣು ತಾಗಿದ ಗುರುತೇ ಉಳಿದಿರಲಿಲ್ಲ. ಬಾರಿಸದೆ ಕೂತದ್ದು ತಾನೇ ಯೋಚಿಸಿ ಮಾಡಿದ್ದು ಎಂದು ಅವರು ನಂಬಿಕೊಂಡಾಗಿತ್ತು. ಟೆಂಪೊದ ಹೆಂಗಸರೆಲ್ಲ ಕೇಳುವಂತೆ ಹೆಂಡತಿಯ ಕಡೆ ತಿರುಗಿದರು.

“ನೋಡಿದ್ಯಾ? ನಿನ್ನ ದನಿ ಮೇಲೆ ಬರ್ಲಿ ಹೇಳಿ ಎಷ್ಟು ಸಣ್ಣಕೆ ಬಾರಿಸ್ದೆ ನಾನು!”

ಕಿಟಕಿಯ ಹೊರಗೆ ನೋಡುತ್ತಿದ್ದ ಮಾಲಿನಿ ಮೆಲ್ಲಗೆ ತಿರುಗಿದಳು. ನಗಲಿಲ್ಲ.

“ಹೌದು” ಎಂದಳು. “ಇನ್ನು ಮೇಲೆ ನಂಗೆ ಯಾವಾಗ್ಲೂ ಹಂಗೇ ಬಾರಿಸಿ.”