ಶೆಟ್ಟಿಕೊಪ್ಪದಲ್ಲಿ ಗಾಡಿ ನಿಂತ ಏಳು ನಿಮಿಷ

ಸುನಂದಾ ಅವರೇ, ಮೂರು ವರ್ಷದ ಹಿಂದೆ ನಿಮ್ಮ ಆಂಬುಲೆನ್ಸ್ ಬಗ್ಗೆ ಬಂದ ಸುದ್ದಿಯಲ್ಲಿ ಒಂದು ಸುಳ್ಳಿತ್ತು. ಬರೆದವನು ನಾನು. ಗೊತ್ತಿದ್ದೇ ಬರೆದೆ.

ಉಳಿದದ್ದೆಲ್ಲ ನಿಜ — ನನ್ನ ಜಾಣತನ ಇದ್ದದ್ದೇ ಅಲ್ಲಿ. ಶೆಟ್ಟಿಕೊಪ್ಪದ ದಿನಸಿ ಅಂಗಡಿಯ ಇಬ್ರಾಹಿಂ ಸಾಹೇಬರಿಗೆ ಬೆಳಿಗ್ಗೆ ಎದೆನೋವು ಬಂದದ್ದು ನಿಜ. ಅವರನ್ನು ಹತ್ತಿಸಿಕೊಂಡ ಗಾಡಿ ಸ್ವಲ್ಪ ಮುಂದೆ ಹೋಗಿ ರಸ್ತೆ ಬದಿ ನಿಂತದ್ದು, ಬಾಗಿಲು ಮುಚ್ಚಿಕೊಂಡು ಏಳು ನಿಮಿಷ ಕದಲದೆ ಇದ್ದದ್ದು ನಿಜ. ಎದುರಿನ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದ ನಾನು ವಾಚು ನೋಡಿ ಬರೆದುಕೊಂಡಿದ್ದೆ. ಜನ ಬೈಯುತ್ತ ಗಾಡಿಗೆ ಗುದ್ದುತ್ತಿದ್ದರು.

ಸಂಜೆ, ಆ ಗಾಡಿಯಲ್ಲಿ ರೋಗಿಯನ್ನು ನೋಡಿಕೊಂಡಿದ್ದ ನಿಮಗೆ ಫೋನ್ ಮಾಡಿದೆ. ನೀವು ಸಮಾಧಾನವಾಗಿ ಹೇಳಿದಿರಿ: "ಓಡೋ ಗಾಡೀಲಿ ಇಸಿಜಿ ತೆಗೆದ್ರೆ ಗೆರೆ ಎಲ್ಲ ಅಲ್ಲಾಡ್ತದೆ ಸಾರ್. ತಪ್ಪು ಓದ್ಬಾರ್ದು ಅಂತ ನಿಲ್ಸಿದ್ದು."

ಆ ಗೆರೆಯ ಫೋಟೊ ಫೋನಿನಲ್ಲೇ ಆಸ್ಪತ್ರೆಯ ಡಾಕ್ಟರಿಗೆ ಹೋಯಿತು, ಹೃದಯಾಘಾತವೇ ಎಂದು ಅವರು ಖಚಿತಪಡಿಸಿದರು, ಎಲ್ಲೂ ನಿಲ್ಲದೆ ಶಿವಮೊಗ್ಗಕ್ಕೇ ಹೋಗಲು ಹೇಳಿದರು, ನೀವು ತಲುಪುವಷ್ಟರಲ್ಲಿ ಅಲ್ಲಿ ಎಲ್ಲ ಸಿದ್ಧವಾಗಿತ್ತು — ಇದನ್ನೂ ವಿವರಿಸಿದಿರಿ. ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಆಮೇಲೆ — 'ನಡುದಾರಿಯಲ್ಲೇ ನಿಂತ ಆಂಬುಲೆನ್ಸ್' ಎಂಬ ತಲೆಬರಹ ಆಗಲೇ ಹೊಳೆದುಬಿಟ್ಟಿತ್ತು. ಕಾರಣ ಬರೆದರೆ ಸುದ್ದಿಯೇ ಉಳಿಯುತ್ತಿರಲಿಲ್ಲ. ಹಾಗಾಗಿ ನಮ್ಮ ಕಸುಬಿನ ಸವೆದ ಸಾಲೊಂದನ್ನು ಕೊನೆಗೆ ಸೇರಿಸಿದೆ: 'ವಾಹನ ನಿಲ್ಲಿಸಿದ್ದಕ್ಕೆ ಕಾರಣ ತಿಳಿದುಬಂದಿಲ್ಲ.'

ಸುದ್ದಿ ಬಂದ ಮೇಲೆ ನಿಮ್ಮನ್ನು ಗಾಡಿಯ ಕೆಲಸದಿಂದ ಇಳಿಸಿ, ವಿಚಾರಣೆ ಮುಗಿಯುವ ತನಕ ಕಚೇರಿಯಲ್ಲಿ ಕೂರಿಸಿದರು. ಅದನ್ನು ನಾನು ವರದಿ ಮಾಡಲಿಲ್ಲ. ಇಸಿಜಿ ನೋಡಿದ್ದ ಡಾಕ್ಟರು ನಿಮ್ಮ ಪರ ನಿಂತು ನೀವು ಗಾಡಿಗೆ ಮರಳಿದ್ದನ್ನೂ.

ಕಳೆದ ಭಾನುವಾರ ನರಸಿಂಹರಾಜಪುರದಲ್ಲಿ ಸಾಹೇಬರ ಮಗಳ ಮದುವೆ; ನನಗೂ ಕರೆ ಬಂದಿತ್ತು. ಅಷ್ಟು ನಗು ತುಂಬಿದ ಮದುವೆಮನೆಯನ್ನು ನಾನು ಈಚೆಗೆ ಕಂಡಿಲ್ಲ. ನಿಮ್ಮನ್ನು ಮನೆಯವರ ಸಾಲಿನಲ್ಲಿ ಕೂರಿಸಿ, ತಾವೇ ಬಿರಿಯಾನಿ ಬಡಿಸುತ್ತ ಸಾಹೇಬರು ಸಿಕ್ಕಸಿಕ್ಕವರಿಗೆಲ್ಲ ಕತೆ ಹೇಳುತ್ತಿದ್ದರು.

"ನಾನು ಗ್ಯಾಸು ಅಂತ ಎರಡು ಸೋಡಾ ಕುಡ್ದು ಕೂತಿದ್ದೆ ಮಾರಾಯ. ಈ ಅಕ್ಕ ವೈರು ಅಂಟಿಸಿ ನನ್ನ ಸುಳ್ಳು ಹಿಡಿದ್ರು."

"ಈಗ ನೀವು ಬಿರಿಯಾನಿಗೆ ಕೈ ಹಾಕಿದ್ರೆ ನಾನೂ ಹಿಡೀತೇನೆ" ಎಂದರು ಅವರ ಹೆಂಡತಿ. ಪಂಕ್ತಿಯೇ ನಕ್ಕಿತು. ನಾನೂ ನಕ್ಕೆ — ಅವರು ಬದುಕಿರುವ ಖುಷಿ ನನಗೂ ಇತ್ತು, ನಂಬಿ.

ಕೈತೊಳೆಯುವಲ್ಲಿ ಯಾರೋ ನನ್ನ ಹೆಸರು ಕರೆದದ್ದು ಕೇಳಿ ನೀವೇ ನನ್ನನ್ನು ಗುರುತಿಸಿದಿರಿ. ಮುಖದಲ್ಲಿ ಇನ್ನೂ ಆ ನಗು.

"ಅವತ್ತು ಫೋನ್ ಸಿಗ್ನಲ್ ಸರಿ ಇರ್ಲಿಲ್ಲ ಅಲ್ವಾ ಸಾರ್? ನಾ ಹೇಳಿದ್ದು ನಿಮ್ಗೆ ಕೇಳ್ಲೇ ಇಲ್ಲ ಅಂದ್ಕೊಂಡೆ."

ಮೂರು ವರ್ಷ ನೀವು ನನ್ನನ್ನು ಹಾಗೆ ಕಾಪಾಡಿದ್ದಿರಿ. ನಾನು — ಹೌದು ಎಂದು ತಲೆಯಾಡಿಸಿದೆ. ಎರಡನೆಯ ಸುಳ್ಳು.

ಸಿಗ್ನಲ್ ಚೆನ್ನಾಗಿತ್ತು. ಪ್ರತಿ ಮಾತೂ ಕೇಳಿಸಿತ್ತು. ಆ ನೋಟ್‌ಬುಕ್ ಈಗ ನನ್ನ ಮುಂದೆಯೇ ಇದೆ. ಸುದ್ದಿ ಬಂದಿದ್ದ ಪುಟದಲ್ಲೇ, ಅಷ್ಟೇ ದೊಡ್ಡದಾಗಿ, ನನ್ನ ಹೆಸರು ಹಾಕಿ ಈ ಪತ್ರವನ್ನು ಪ್ರಕಟಿಸಲು ಸಂಪಾದಕರನ್ನು ಕೇಳಿದ್ದೇನೆ. ಮೊದಲ ಪ್ರತಿ ನಿಮಗೆ. ಹಳೆಯ ಸುದ್ದಿಯಲ್ಲಿ ತಿದ್ದುವುದು ಇರುವುದು ಒಂದೇ ಸಾಲು:

ವಾಹನ ನಿಲ್ಲಿಸಿದ್ದಕ್ಕೆ ಕಾರಣವನ್ನು ವರದಿಗಾರನಿಗೆ ಅಂದು ಸಂಜೆಯೇ ತಿಳಿಸಲಾಗಿತ್ತು.